ಹಬ್ಬ ಮನೆಯೊಳಗೆ ಬಂದ ಬಗೆ

1848ರ ಡಿಸೆಂಬರಿನಲ್ಲಿ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್' ಎಂಬ ವಾರಪತ್ರಿಕೆ ತನ್ನ ಕ್ರಿಸ್‌ಮಸ್ ಪುರವಣಿಯಲ್ಲಿ ಒಂದು ಚಿತ್ರವನ್ನು ಅಚ್ಚುಹಾಕಿತು. ವಿಂಡ್ಸರ್ ಅರಮನೆಯ ಒಂದು ಕೋಣೆ. ಮೇಜಿನ ಮೇಲೆ ಪುಟ್ಟದೊಂದು ಮರ, ಕೊಂಬೆಕೊಂಬೆಗೂ ಮೇಣದ ಬತ್ತಿ, ತೂಗುವ ಸಿಹಿತಿಂಡಿ, ತುದಿಯಲ್ಲಿ ರೆಕ್ಕೆಯ ದೇವದೂತ, ಬುಡದಲ್ಲಿ ಆಟಿಕೆಗಳು. ಮರದ ಸುತ್ತ ವಿಕ್ಟೋರಿಯಾ ರಾಣಿ, ಅವಳ ಗಂಡ ಆಲ್ಬರ್ಟ್ ಮತ್ತು ಮಕ್ಕಳು. ಸಿಂಹಾಸನವಿಲ್ಲ, ಕತ್ತಿ ಹಿಡಿದ ಕಾವಲುಗಾರರಿಲ್ಲ. ಕಿರೀಟವೊಂದನ್ನು ಬಿಟ್ಟರೆ ಯಾರದೋ ಉಳ್ಳವರ ಮನೆಯ ಸಂಜೆ ಎನ್ನಬಹುದು.

ಎರಡು ವರ್ಷ ಕಳೆದ ಮೇಲೆ, 1850ರಲ್ಲಿ, ಅಮೆರಿಕದ 'ಗೋಡೀಸ್ ಲೇಡೀಸ್ ಬುಕ್' ಎಂಬ ಮಹಿಳೆಯರ ಮಾಸಿಕ ಇದೇ ಚಿತ್ರವನ್ನು ಎತ್ತಿಕೊಂಡಿತು. ಎತ್ತಿಕೊಳ್ಳುವಾಗ ಸಣ್ಣ ಕೈಚಳಕವೂ ನಡೆಯಿತು. ರಾಣಿಯ ತಲೆಯ ಆಭರಣ ಹೋಯಿತು, ಆಲ್ಬರ್ಟನ ಮೀಸೆ ಹೋಯಿತು, ಅವನ ಎದೆಯ ಮೇಲಿನ ರಾಜಲಾಂಛನ ಹೋಯಿತು. ಉಳಿದದ್ದು ಅಪ್ಪ, ಅಮ್ಮ, ಮಕ್ಕಳು ಮತ್ತು ಮರ. ರಾಜರನ್ನು ಒದ್ದೋಡಿಸಿದ ದೇಶದ ಓದುಗರು ಈ ಚಿತ್ರವನ್ನು ತಮ್ಮದೇ ಮನೆಯೆಂದು ನೋಡಿದರು. ಮುಂದಿನ ವರ್ಷಗಳಲ್ಲಿ ಅಮೆರಿಕದ ಮನೆಗಳಲ್ಲಿ ಮರ ನಿಲ್ಲಿಸುವ ಪದ್ಧತಿ ಹಬ್ಬಲು ಈ ಚಿತ್ರದ ಪಾಲು ದೊಡ್ಡದು.

ಇವತ್ತು ಕ್ರಿಸ್‌ಮಸ್ ಎಂದರೆ ಕಣ್ಣಮುಂದೆ ಬರುವುದು ಈ ಚಿತ್ರವೇ, ಅಥವಾ ಅದರ ಮರಿಮಕ್ಕಳು. ಪುಟ್ಟ ಮಕ್ಕಳಿರುವ ಒಂದು ಸಂಸಾರ, ಬೆಳಗುವ ಮರ, ಉಡುಗೊರೆಯ ಪೊಟ್ಟಣ, ಹೊರಗೆ ಚಳಿ. ಎರಡು ಸಾವಿರ ವರ್ಷದಿಂದ ಹೀಗೇ ನಡೆದುಬಂದಿದೆ ಎನ್ನಿಸುವಷ್ಟು ಇದು ನಮ್ಮ ಕಣ್ಣಿಗೆ ಒಗ್ಗಿಹೋಗಿದೆ. ಹಬ್ಬ ಹಳೆಯದೇ. ಡಿಸೆಂಬರ್ 25ರಂದು ಯೇಸುವಿನ ಜನನವನ್ನು ಗುರುತಿಸುತ್ತಿದ್ದರೆಂಬುದಕ್ಕೆ ನಾಲ್ಕನೆಯ ಶತಮಾನದ ರೋಮಿನ ಪಂಚಾಂಗದಲ್ಲಿ ಆಧಾರ ಸಿಗುತ್ತದೆ. ಆದರೆ ಹಬ್ಬದ ನಡುವೆ ಮಗುವನ್ನು ಕೂರಿಸಿ ಮನೆಯ ಬಾಗಿಲು ಹಾಕಿಕೊಳ್ಳುವ ಈ ರೀತಿಗೆ ಹೆಚ್ಚೆಂದರೆ ಇನ್ನೂರು ವರ್ಷ. ಗೋದಲಿಯಲ್ಲಿ ಮಲಗಿರುವುದು ಮಗುವೇ ಆಗಿದ್ದರೂ ಮನೆಯ ಮಕ್ಕಳು ಹಬ್ಬದ ಕೇಂದ್ರಕ್ಕೆ ಬರಲು ಇಷ್ಟು ಕಾಲ ಹಿಡಿಯಿತು ಎಂಬುದು ಸೋಜಿಗ.

ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಬೀದಿಯ ಹಬ್ಬ. ಸುಗ್ಗಿ ಮುಗಿದಿದೆ, ಕಣಜ ತುಂಬಿದೆ, ಹೊಸ ಬಿಯರು ಹದಕ್ಕೆ ಬಂದಿದೆ, ಚಳಿಗಾಲದ ಮೇವು ಸಾಲದೆಂದು ದನಗಳನ್ನು ಕಡಿದಿದ್ದಾರೆ. ಹೊಲದಲ್ಲಿ ಕೆಲಸ ಕಡಿಮೆ. ಹೊಟ್ಟೆತುಂಬ ತಿಂದು ಕುಡಿಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಆಳುಗಳು, ಯುವಕರು ಗುಂಪುಕಟ್ಟಿಕೊಂಡು ಹಾಡುತ್ತ ಧಣಿಗಳ ಮನೆಬಾಗಿಲಿಗೆ ಹೋಗಿ ಒಳ್ಳೆಯ ಊಟ, ಒಳ್ಳೆಯ ಹೆಂಡ ಕೇಳುವರು. ಅದು ಬೇಡುವುದಲ್ಲ, ಹಕ್ಕಿನಿಂದ ಕೇಳುವುದು. ಕೊಟ್ಟರೆ ಹರಸುವರು, ಕೊಡದಿದ್ದರೆ ಗಲಾಟೆ. ಅರಮನೆಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ಹಬ್ಬದ ಮಟ್ಟಿಗೆ ಒಬ್ಬ ಹುಸಿ ದೊರೆಯನ್ನು ನೇಮಿಸಿ ಅವನು ಹೇಳಿದಂತೆ ಎಲ್ಲರೂ ಕುಣಿಯುವುದೂ ಇತ್ತು. ನಮ್ಮ ಕಾಮನ ಹಬ್ಬದಲ್ಲಿ ಹುಡುಗರು ಸೌದೆ ಕದಿಯುವುದನ್ನು, ಹಿರಿಯರೆದುರೇ ಬಾಯಿಗೆ ಬಂದದ್ದನ್ನು ಕೂಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೊಮ್ಮೆ ಮೇಲುಕೀಳು ತಲೆಕೆಳಗಾಗಲು ಬಿಟ್ಟು, ಉಳಿದ ದಿನ ಅದನ್ನು ಭದ್ರವಾಗಿಟ್ಟುಕೊಳ್ಳುವ ಹಳೆಯ ಉಪಾಯ.

ಮಡಿವಂತ ಪ್ಯೂರಿಟನ್ನರಿಗೆ ಇದು ಸಹಿಸಲಿಲ್ಲ. ಬೈಬಲಿನಲ್ಲಿ ಈ ತಾರೀಖೇ ಇಲ್ಲ, ಇದೆಲ್ಲ ಕುಡುಕರ ಸಡಗರ ಎಂಬುದು ಅವರ ವಾದ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹಬ್ಬವನ್ನೇ ರದ್ದುಮಾಡಿತು. ಆ ವರ್ಷದ ಕ್ರಿಸ್‌ಮಸ್ ದಿನ ಅಂಗಡಿ ತೆರೆಯಲೇಬೇಕೆಂಬ ಅಪ್ಪಣೆಯಾದಾಗ ಕ್ಯಾಂಟರ್‌ಬರಿ ಊರಿನಲ್ಲಿ ದಂಗೆಯೇ ಎದ್ದಿತು. ಅಟ್ಲಾಂಟಿಕ್ ದಾಟಿ ಹೋದ ಪ್ಯೂರಿಟನ್ನರು 1659ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಹಬ್ಬ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡವೆಂದು ಕಾನೂನು ಮಾಡಿದರು. ಅದು 1681ರ ತನಕ ಇತ್ತು. ಕಾನೂನುಗಳು ಹೋದವು. ಆದರೆ ಮಾನವಂತ ಸಂಸಾರಸ್ಥರಿಗೂ ಬೀದಿಯ ಹಬ್ಬಕ್ಕೂ ನಡುವಿನ ಇರಸುಮುರುಸು ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದ ನ್ಯೂಯಾರ್ಕಿನಂಥ ಬೆಳೆಯುವ ನಗರದಲ್ಲಿ, ಚಳಿಗಾಲಕ್ಕೆ ಕೆಲಸ ಕಳೆದುಕೊಂಡ ಹುಡುಗರು ತಗಡು ಬಡಿಯುತ್ತ ರಾತ್ರಿಯಿಡೀ ತಿರುಗುವಾಗ, ಧಣಿಗೂ ಆಳಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದ ಮೇಲೆ, ಬಾಗಿಲು ತಟ್ಟುವ ಹಾಡು ಬೆದರಿಕೆಯಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಇತಿಹಾಸಕಾರ ಸ್ಟೀಫನ್ ನಿಸ್ಸೆನ್‌ಬಾಮ್ 1996ರಲ್ಲಿ ಪ್ರಕಟಿಸಿದ 'ದಿ ಬ್ಯಾಟಲ್ ಫಾರ್ ಕ್ರಿಸ್‌ಮಸ್' ಪುಸ್ತಕದಲ್ಲಿ ಇದನ್ನೇ ಬೆನ್ನುಹತ್ತಿ ಹೋಗುತ್ತಾರೆ. ಅವರ ವಾದದ ಸಾರ ಇಷ್ಟು: ಹಿಂದೆ ಧಣಿಯು ಆಳಿಗೆ ಕೊಡುತ್ತಿದ್ದ ಕೊಡುಗೆ ಈಗ ತಂದೆತಾಯಿ ಮಕ್ಕಳಿಗೆ ಕೊಡುವ ಉಡುಗೊರೆಯಾಯಿತು. ಕೊಡುವವರು ಮೇಲಿನವರು, ಪಡೆಯುವವರು ಕೆಳಗಿನವರು ಎಂಬ ಕಟ್ಟು ಹಾಗೇ ಉಳಿಯಿತು. ಬಡವನ ಜಾಗದಲ್ಲಿ ಮಗು ಬಂದು ಕೂತಿತು. 1823ರಲ್ಲಿ ನ್ಯೂಯಾರ್ಕ್ ಸೀಮೆಯ ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಅಚ್ಚಾದ, ಸಾಮಾನ್ಯವಾಗಿ ಕ್ಲೆಮೆಂಟ್ ಮೂರ್ ಬರೆದದ್ದೆನ್ನುವ ಸೇಂಟ್ ನಿಕೊಲಾಸನ ಪದ್ಯದಲ್ಲಿ ರಾತ್ರಿ ಹೊತ್ತು ಮನೆಗೆ ನುಗ್ಗುವ ಅಪರಿಚಿತ ಏನನ್ನೂ ಕೇಳುವುದಿಲ್ಲ, ಕೊಟ್ಟು ಹೋಗುತ್ತಾನೆ. ನಿಸ್ಸೆನ್‌ಬಾಮ್ ಓದಿದ ಮೇಲೆ ಆ ಮುದ್ದಾದ ಪದ್ಯ ನನಗೆ ಮೊದಲಿನಷ್ಟು ಮುಗ್ಧವಾಗಿ ಕಾಣುವುದಿಲ್ಲ.

ಮರ ಬಂದದ್ದು ಜರ್ಮನಿಯಿಂದ. 1605ರ ಹೊತ್ತಿಗೆ ಸ್ಟ್ರಾಸ್‌ಬೂರ್ಗ್ ಊರಿನ ಮನೆಗಳಲ್ಲಿ ಮರ ನಿಲ್ಲಿಸಿ ಅದಕ್ಕೆ ಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆ ತಿಂಡಿ ಕಟ್ಟುತ್ತಿದ್ದರೆಂದು ಪ್ರವಾಸಿಯೊಬ್ಬ ಬರೆದಿಟ್ಟಿದ್ದಾನೆ. ಇಂಗ್ಲೆಂಡಿಗೆ ಅದನ್ನು ತಂದದ್ದು ಆಲ್ಬರ್ಟ್ ಎಂಬ ಮಾತು ಪೂರ್ತಿ ಸರಿಯಲ್ಲ. ಮೂರನೆಯ ಜಾರ್ಜನ ಜರ್ಮನ್ ರಾಣಿ ಶಾರ್ಲಟ್ 1800ರಲ್ಲೇ ವಿಂಡ್ಸರಿನಲ್ಲಿ ಮಕ್ಕಳಿಗಾಗಿ ಮರ ನಿಲ್ಲಿಸಿದ್ದಳು. ಆಲ್ಬರ್ಟನ ಕಾಲದಲ್ಲಿ ಹೊಸದಾಗಿ ಬಂದದ್ದು ಅಗ್ಗದ ಸಚಿತ್ರ ಪತ್ರಿಕೆ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1848 ಎಂದರೆ ಯುರೋಪಿನ ತುಂಬ ಕ್ರಾಂತಿಯ ವರ್ಷ. ಫ್ರಾನ್ಸಿನ ದೊರೆ ಸಿಂಹಾಸನ ಬಿಟ್ಟು ಓಡಿದ್ದ. ಲಂಡನ್ನಿನಲ್ಲಿ ಚಾರ್ಟಿಸ್ಟ್ ಕಾರ್ಮಿಕರು ಏಪ್ರಿಲ್‌ನಲ್ಲಿ ದೊಡ್ಡ ಸಭೆ ಕರೆದಾಗ ವಿಕ್ಟೋರಿಯಾ ಮಕ್ಕಳನ್ನು ಕಟ್ಟಿಕೊಂಡು ವೈಟ್ ದ್ವೀಪಕ್ಕೆ ಹೋಗಿದ್ದಳು. ಅದೇ ವರ್ಷದ ಕೊನೆಗೆ ಅವಳು ನಿಮ್ಮ ನಮ್ಮಂಥ ತಾಯಿಯಾಗಿ, ಮರದ ಪಕ್ಕ ನಿಂತು ಪತ್ರಿಕೆಯಲ್ಲಿ ಕಾಣಿಸಿಕೊಂಡಳು. ಯಾರೂ ಹೂಡಿದ ತಂತ್ರವೆಂದು ನಾನು ಹೇಳುವುದಿಲ್ಲ. ಆದರೆ ಅರಮನೆಗೆ ಇದಕ್ಕಿಂತ ಲಾಭದ ಚಿತ್ರ ಆ ವರ್ಷ ಇನ್ನೊಂದಿರಲಿಲ್ಲ.

ಐದು ವರ್ಷ ಹಿಂದಕ್ಕೆ ಹೋಗೋಣ. 1843. ಕನ್ನಡದವರಿಗೆ ಈ ಇಸವಿ ಬಾಯಿಪಾಠ: ಆ ಜುಲೈ ತಿಂಗಳಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಹೊರಡಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಅಚ್ಚುಹಾಕಿಸಿದ. ಅದರ ನಡುವೆ ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಕುಟುಂಬ ಮೇಜಿನ ಸುತ್ತ ಕೂತು ದ್ರಾಕ್ಷಾರಸದ ಬಟ್ಟಲು ಎತ್ತಿದೆ, ಅಕ್ಕಪಕ್ಕದ ಪುಟ್ಟ ಚೌಕಗಳಲ್ಲಿ ಬಡವರಿಗೆ ಅನ್ನ ಬಟ್ಟೆ ಕೊಡುತ್ತಿದ್ದಾರೆ. ಚಿಕ್ಕ ಮಗುವಿನ ಬಾಯಿಗೂ ಬಟ್ಟಲು ಹಿಡಿದದ್ದನ್ನು ಕಂಡು ಪಾನವಿರೋಧಿಗಳು ಕೆಂಡವಾದರು. ಕಾರ್ಡಿನ ಬೆಲೆ ಒಂದು ಶಿಲ್ಲಿಂಗ್. ಮತ್ತು ಅದೇ ಡಿಸೆಂಬರ್ 19ರಂದು ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಹೊರಬಂತು. ಮೊದಲ ಮುದ್ರಣದ ಆರು ಸಾವಿರ ಪ್ರತಿ ಹಬ್ಬದೊಳಗೆ ಮುಗಿದವು.

ಈ ಪುಸ್ತಕವನ್ನು ಶಾಲೆಯಲ್ಲಿ ಸಂಕ್ಷೇಪವಾಗಿ ಓದಿದವರಿಗೆ ಅದು ಜಿಪುಣನೊಬ್ಬ ಒಳ್ಳೆಯವನಾದ ಕತೆ. ಅದು ಹುಟ್ಟಿದ್ದು ಮಾತ್ರ ಸರ್ಕಾರಿ ವರದಿಯೊಂದರಿಂದ. ಗಣಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿ ಕುರಿತು ಪಾರ್ಲಿಮೆಂಟು ನೇಮಿಸಿದ ಆಯೋಗ 1842ರಲ್ಲೂ 1843ರಲ್ಲೂ ವರದಿ ಕೊಟ್ಟಿತ್ತು. ಮೊದಲನೆಯದರ ಫಲವಾಗಿ ಹತ್ತು ವರ್ಷದೊಳಗಿನ ಹುಡುಗರನ್ನು, ಎಲ್ಲ ಹೆಂಗಸರನ್ನು ಹುಡುಗಿಯರನ್ನು ಗಣಿಯ ಒಳಗೆ ಇಳಿಸಬಾರದೆಂದು ಕಾನೂನಾಯಿತು. ಎರಡನೆಯದನ್ನು ಓದಿದ ಡಿಕನ್ಸ್ ಬಡವನ ಮಗುವಿನ ಪರವಾಗಿ ಕರಪತ್ರವೊಂದನ್ನು ಬರೆಯಲು ಹೊರಟ. ಲಂಡನ್ನಿನ ಕೊಳಕು ಓಣಿಯ ಮಕ್ಕಳಿಗಾಗಿ ನಡೆಯುತ್ತಿದ್ದ ಧರ್ಮಶಾಲೆಯನ್ನು ನೋಡಿಬಂದ. ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿಗೆ ಹೋಗಿ ಶಿಕ್ಷಣದ ಬಗ್ಗೆ ಭಾಷಣ ಮಾಡಿದ. ಆ ಹೊತ್ತಿಗೆ ಕರಪತ್ರ ಕತೆಯಾಗಿ ತಿರುಗಿತ್ತು. ಅವನಿಗೆ ವರದಿಯ ಅಗತ್ಯವೂ ಇರಲಿಲ್ಲವೆನ್ನಿ. 1824ರಲ್ಲಿ ಅಪ್ಪ ಸಾಲಕ್ಕಾಗಿ ಜೈಲು ಸೇರಿದಾಗ ಹನ್ನೆರಡರ ಡಿಕನ್ಸ್ ಬೂಟು ಪಾಲಿಶ್ ಕಾರ್ಖಾನೆಯಲ್ಲಿ ವಾರಕ್ಕೆ ಆರು ಶಿಲ್ಲಿಂಗಿಗೆ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ.

ಆದ್ದರಿಂದಲೇ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಮನೆಯ ಹಬ್ಬದೂಟದಲ್ಲಿ ಲೆಕ್ಕ ಎದ್ದು ಕಾಣುತ್ತದೆ. ಅವನ ಸಂಬಳ ವಾರಕ್ಕೆ ಹದಿನೈದು ಶಿಲ್ಲಿಂಗ್, ಮಕ್ಕಳು ಆರು. ಮನೆಯಲ್ಲಿ ಬಾತುಕೋಳಿಯ ಜಾತಿಯ ದೊಡ್ಡ ಹಕ್ಕಿ ಗೂಸನ್ನು ಬೇಯಿಸುವಷ್ಟು ಒಲೆಯಿಲ್ಲ, ಅದು ಬೇಯುವುದು ಬೇಕರಿಯವನ ಭಟ್ಟಿಯಲ್ಲಿ. ಬಡವರ ಬೀದಿಗಳಲ್ಲಿ ಅದೇ ರೂಢಿ. ಬೇಕರಿಯ ಮುಂದೆ ಹಾದುಬಂದ ಚಿಕ್ಕವರಿಬ್ಬರು ನಮ್ಮದರ ವಾಸನೆಯೇ ಬೇರೆ ಎಂದು ಗುರುತು ಹಿಡಿಯುತ್ತಾರೆ. ದೊಡ್ಡ ಮಗಳು ಮಾರ್ಥಾ ಹಬ್ಬದ ದಿನ ಮನೆಗೆ ತಡವಾಗಿ ಬರುತ್ತಾಳೆ, ಯಾಕೆಂದರೆ ಟೋಪಿ ಹೊಲಿಯುವ ಅಂಗಡಿಯಲ್ಲಿ ಹಿಂದಿನ ರಾತ್ರಿಯ ಕೆಲಸ ಮುಗಿದಿರಲಿಲ್ಲ. ಯಾರದೋ ಹಬ್ಬದ ಟೋಪಿಗಾಗಿ ಕಣ್ಣು ಕೀಲಿಸಿದ ಹುಡುಗಿ ಅವಳು. ಊನಗಾಲಿನ ಟಿಮ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಮಾರ್ಥಾಳನ್ನು ಯಾರೂ ನೆನೆಯುವುದಿಲ್ಲ. ಇನ್ನೊಂದು ಲೆಕ್ಕ ಪುಸ್ತಕದ ಹೊರಗಿದೆ. ಕೆಂಪು ಬಟ್ಟೆಯ ರಟ್ಟು, ಬಣ್ಣದ ಚಿತ್ರಗಳಿದ್ದ ಆ ಮೊದಲ ಮುದ್ರಣದ ಬೆಲೆ ಐದು ಶಿಲ್ಲಿಂಗ್. ಬಾಬ್ ಕ್ರ್ಯಾಚಿಟ್ ತನ್ನ ಕತೆಯನ್ನು ಕೊಂಡು ಮಕ್ಕಳಿಗೆ ಓದಿ ಹೇಳಬೇಕಾಗಿದ್ದರೆ ವಾರದ ಸಂಬಳದ ಮೂರರಲ್ಲೊಂದು ಪಾಲನ್ನು ತೆರಬೇಕಿತ್ತು.

ಹಾಗಾದರೆ ಬಾಬ್‌ನಂಥವರು ಹಬ್ಬ ಮಾಡುತ್ತಿದ್ದುದು ಹೇಗೆ? ಚೀಟಿ ಹಾಕಿ. ಲಂಡನ್ನಿನ ಹೆಂಡದಂಗಡಿಗಳಲ್ಲಿ ಗೂಸ್ ಕ್ಲಬ್ಬುಗಳಿದ್ದವು. ವಾರವಾರ ಕೆಲವು ಪೆನ್ನಿ ಕಟ್ಟುತ್ತ ಬಂದರೆ ಕ್ರಿಸ್‌ಮಸ್ ಹೊತ್ತಿಗೆ ಒಂದು ಗೂಸು, ಕೆಲವೆಡೆ ಜತೆಗೊಂದು ಸೀಸೆ. ನಮ್ಮ ಪೇಟೆಗಳಲ್ಲಿ ದೀಪಾವಳಿಗೆಂದು ಪಟಾಕಿ ಚೀಟಿ, ಯುಗಾದಿಗೆಂದು ಬಟ್ಟೆ ಚೀಟಿ ಕಟ್ಟುವವರಿಗೆ ಆ ಲಂಡನ್ನು ಅಷ್ಟೇನೂ ದೂರವಲ್ಲ. ಮಕ್ಕಳ ಮುಂದೆ ಹಬ್ಬದ ದಿನ ತಲೆತಗ್ಗಿಸಬಾರದೆಂಬ ಹಟ ಎಲ್ಲ ಕಡೆಯೂ ಒಂದೇ.

ಇನ್ನು ಆ ಮರದ ಮೇಲೆ ತೂಗುತ್ತಿದ್ದ ಹೊಳೆಯುವ ಗಾಜಿನ ಗೋಳಗಳ ಕತೆ. ಈ ಹಬ್ಬದ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇದೇ.

ಜರ್ಮನಿಯ ತುರಿಂಗಿಯಾ ಬೆಟ್ಟಗಳಲ್ಲಿ ಲೌಷಾ ಎಂಬ ಊರಿದೆ. 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಶುರುವಾಯಿತು. ಕಟ್ಟಿಗೆ, ಮರಳು, ನೀರು, ಮೂರೂ ಹತ್ತಿರ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅಲ್ಲಿನ ಮನೆಮನೆಗಳಲ್ಲಿ ಮರಕ್ಕೆ ತೂಗುಹಾಕುವ ಗೋಳ, ಹಣ್ಣು, ಹಕ್ಕಿಗಳನ್ನು ಊದತೊಡಗಿದ್ದರು. 1867ರಲ್ಲಿ ಊರಿಗೆ ಗ್ಯಾಸ್ ಬಂದ ಮೇಲೆ ಬೇಕಾದಷ್ಟು ಬಿಸಿಯ ಸಮನಾದ ಜ್ವಾಲೆ ಸಿಕ್ಕಿತು, ಗಾಜು ತೆಳ್ಳಗಾಯಿತು, ದೊಡ್ಡದಾಯಿತು. ಕಾರ್ಖಾನೆ ಎಂಬುದಿಲ್ಲ. ಅಡುಗೆಯೂ ನಿದ್ದೆಯೂ ನಡೆಯುವ ಕೋಣೆಯಲ್ಲೇ ದುಡಿಮೆ. ಅಪ್ಪ ಜ್ವಾಲೆಯ ಮುಂದೆ ಕೂತು ಗಾಜಿನ ಕೊಳವೆಯನ್ನು ಊದುವನು. ಅಮ್ಮ ಅದರೊಳಗೆ ಬೆಳ್ಳಿಯ ದ್ರಾವಣ ಹೊಯ್ದು ಕುಲುಕುವಳು, ಒಳಗೋಡೆ ಕನ್ನಡಿಯಾಗುವುದು. ಮಕ್ಕಳು ಮೊಳೆ ಹೊಡೆದ ಹಲಗೆಗೆ ಅವನ್ನು ಸಿಕ್ಕಿಸಿ ಒಣಗಿಸುವರು, ಬಣ್ಣ ಬಳಿಯುವರು, ಹೆಚ್ಚುವರಿ ಕೊಳವೆಯನ್ನು ಕತ್ತರಿಸುವರು, ಮೇಲೊಂದು ಲೋಹದ ಟೊಪ್ಪಿ ಸಿಕ್ಕಿಸುವರು. ವಾರದ ಕೊನೆಗೆ ಹೆಂಗಸರು ಬೆನ್ನಿಗೆ ಎತ್ತರದ ಬುಟ್ಟಿ ಕಟ್ಟಿಕೊಂಡು ಬೆಟ್ಟವಿಳಿದು ಸೊನ್ನೆಬೆರ್ಗ್ ಪೇಟೆಗೆ ಹೋಗಿ ವರ್ತಕರಿಗೆ ಒಪ್ಪಿಸುವರು. ಒಡೆದದ್ದು ಅವರದೇ ನಷ್ಟ.

ಆ ಸೊನ್ನೆಬೆರ್ಗ್ ಗೊಂಬೆಗಳ ಪೇಟೆ. ಅಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಒಂದು ಮನೆಯವರು ತಲೆ, ಇನ್ನೊಂದು ಮನೆಯವರು ಕಣ್ಣು, ಮತ್ತೊಬ್ಬರು ಕೈಕಾಲು ಮಾಡುತ್ತಿದ್ದರು. ಪೂರ್ವದ ಎರ್ಟ್ಸ್ ಬೆಟ್ಟಗಳ ಸೈಫೆನ್ ಊರಿನಲ್ಲಿ ತವರದ ಗಣಿ ಬತ್ತಿದ ಮೇಲೆ ಗಣಿಯವರು ಮರ ಕಡೆಯಲು ಕೂತರು. ಅವರ ಜಾಣ್ಮೆ ದೊಡ್ಡದು: ಹಸಿಮರದ ದುಂಡು ಬಿಲ್ಲೆಯನ್ನು ಚರಕಿಗೆ ಕೊಟ್ಟು ಬಳೆಯಾಗಿ ಕಡೆಯುವುದು, ಆಮೇಲೆ ಬಳೆಯನ್ನು ಕೇಕಿನಂತೆ ತುಂಡುತುಂಡಾಗಿ ಸೀಳುವುದು. ಒಂದೊಂದು ತುಂಡಿನ ಅಡ್ಡಕೊಯ್ತದಲ್ಲಿ ಒಂದೊಂದು ಕುದುರೆ, ಹಸು, ಆನೆ. ಸೀಳುವ ತನಕ ಒಳಗಿನ ಪ್ರಾಣಿ ಕಡೆಯುವವನಿಗೂ ಕಾಣುವುದಿಲ್ಲ, ಕೈಗಷ್ಟೇ ಗೊತ್ತು. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಏರಿಸುವುದನ್ನು ನಿಂತು ನೋಡಿದವರು ಈ ಕೈಯ ಬೆಲೆಯನ್ನು ಬಲ್ಲರು. ಸೈಫೆನ್‌ನಲ್ಲಿ ಆ ಪ್ರಾಣಿಗಳ ಮೂಲೆ ಕೆತ್ತಿ ಬಣ್ಣ ಹಚ್ಚಲು ಮನೆಯ ಹುಡುಗ ಹುಡುಗಿಯರು ಕೂರಬೇಕಿತ್ತು. ಹೀಗೆ ಮಾಡಿದ ನೋಹನ ಹಡಗುಗಳು ಇಂಗ್ಲೆಂಡಿನ ಮಕ್ಕಳ ಕೋಣೆಗಳನ್ನು ತುಂಬಿದವು.

1880ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಗ್ಗದ ಸಾಮಾನಿನ ಅಂಗಡಿಯಿಟ್ಟಿದ್ದ ಎಫ್. ಡಬ್ಲ್ಯು. ವೂಲ್‌ವರ್ತ್ ಒಲ್ಲದ ಮನಸ್ಸಿನಿಂದ 25 ಡಾಲರಿನ ಗಾಜಿನ ಅಲಂಕಾರಗಳನ್ನು ತರಿಸಿದ. ಒಡೆದುಹೋಗುವ, ಯಾತಕ್ಕೂ ಬಾರದ ವಸ್ತು ಎಂದು ಅವನ ಎಣಿಕೆ. ಎರಡೇ ದಿನದಲ್ಲಿ ಖಾಲಿಯಾದವೆಂದು ಆಮೇಲೆ ಹೇಳಿಕೊಳ್ಳುತ್ತಿದ್ದ. ಮುಂದೆ ತಾನೇ ಜರ್ಮನಿಗೆ ಹೋಗಿ ಕೊಂಡುತರುವಷ್ಟು ಆ ವ್ಯಾಪಾರ ಬೆಳೆಯಿತು. ಅಲ್ಲಿಗೆ ಚಿತ್ರ ಪೂರ್ತಿಯಾಯಿತು. ಅಟ್ಲಾಂಟಿಕ್‌ನ ಒಂದು ದಡದಲ್ಲಿ ಮರದ ಸುತ್ತ ಕೂತ ಸಂಸಾರ, ಇನ್ನೊಂದು ದಡದಲ್ಲಿ ಮೇಜಿನ ಸುತ್ತ ಕೂತ ಸಂಸಾರ. ಎರಡರಲ್ಲೂ ಅಪ್ಪ, ಅಮ್ಮ, ಪುಟ್ಟ ಮಕ್ಕಳು, ನಡುವೆ ಅದೇ ಗಾಜಿನ ಗೋಳ. 1903ರಲ್ಲಿ ಜರ್ಮನಿ ಮಕ್ಕಳ ದುಡಿಮೆಯ ಕಾನೂನನ್ನು ಮನೆಗೆಲಸದ ಕಸುಬುಗಳಿಗೂ ಚಾಚಿತು. ಪರರ ಮಕ್ಕಳನ್ನು ಹನ್ನೆರಡರೊಳಗೆ ದುಡಿಸುವಂತಿಲ್ಲ, ಸ್ವಂತ ಮಕ್ಕಳಾದರೆ ಹತ್ತು ತುಂಬಿದರೆ ಸಾಕು ಎಂದಿತು. ತಾಯ್ತಂದೆಯರ ಕೈಕೆಳಗಿನ ದುಡಿಮೆ ಮೆತ್ತಗಿರುತ್ತದೆಂದು ಕಾನೂನು ಮಾಡಿದವರು ನಂಬಿದ್ದರೇನೋ. ಹಬ್ಬಕ್ಕೆ ಮೊದಲಿನ ವಾರಗಳಲ್ಲಿ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಮನೆಗಳನ್ನು ಕಂಡ ನಮಗೆ ಆ ನಂಬಿಕೆ ಸುಲಭಕ್ಕೆ ಬರುವುದಿಲ್ಲ.

ಜರ್ಮನಿಯದೇ ಇನ್ನೊಂದು ಮನೆಯ ಮಾತು ಇಲ್ಲಿ ಹೇಳಬೇಕು. ಹ್ಯಾಂಬುರ್ಗಿನಲ್ಲಿ ಯೋಹಾನ್ ಹಿನ್ರಿಖ್ ವಿಖೆರ್ನ್ ಎಂಬ ಪಾದ್ರಿ 1833ರಲ್ಲಿ ಗತಿಯಿಲ್ಲದ ಹುಡುಗರಿಗಾಗಿ ಒಂದು ಆಶ್ರಮ ತೆರೆದಿದ್ದ. ಕ್ರಿಸ್‌ಮಸ್ ಯಾವಾಗ ಎಂದು ಹುಡುಗರು ದಿನಾ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವನು ಮರದ ಚಕ್ರವೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಮೇಣದ ಬತ್ತಿ, ಉಳಿದ ದಿನಗಳಿಗೆ ಸಣ್ಣವು ನೆಟ್ಟು, ದಿನಕ್ಕೊಂದರಂತೆ ಹಚ್ಚತೊಡಗಿದ. ಎಷ್ಟು ಉಳಿದವೆಂದು ಎಣಿಸಿದರೆ ಹಬ್ಬಕ್ಕೆ ಎಷ್ಟು ದಿನವೆಂದು ಗೊತ್ತಾಗುತ್ತಿತ್ತು. ಇವತ್ತು ಚರ್ಚುಗಳಲ್ಲಿ ಕಾಣುವ ನಾಲ್ಕು ಬತ್ತಿಯ ಆಗಮನಕಾಲದ ಹಾರ ಇದರಿಂದಲೇ ಬಂದದ್ದು. ಅರಮನೆಯ ಮರ ಪತ್ರಿಕೆಯೇರಿ ಲೋಕಸಂಚಾರ ಮಾಡಿತು. ಅನಾಥಾಲಯದ ಈ ಚಕ್ರ ಸದ್ದಿಲ್ಲದೆ ಬಂತು.

ನಮ್ಮ ಕರಾವಳಿಯ ಹಬ್ಬಕ್ಕೆ ಬೇರೆಯೇ ವಂಶಾವಳಿ. ಗೋವಾದ ಪೋರ್ಚುಗೀಸರ ಕಾಲದಿಂದ ಬಂದ ಕೊಂಕಣಿ ಕ್ರೈಸ್ತರ ಕ್ರಿಸ್‌ಮಸ್ಸಿನಲ್ಲಿ ಮರಕ್ಕಿಂತ ಗೋದಲಿ ಮುಖ್ಯ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಸಂತ ಫ್ರಾನ್ಸಿಸ್ ನಿಜದ ಎತ್ತು, ಕತ್ತೆ, ಹುಲ್ಲು ತಂದು ಕಟ್ಟಿದ ದೃಶ್ಯಕ್ಕೆ ಸೇರಿದ ಸಾಲು ಇದು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಊರಿಗೂರೇ ಬರಿದಾಗಿತ್ತು. 1799ರ ನಂತರ ಬದುಕಿ ಮರಳಿದವರು ಮನೆಗಳ ಜತೆ ಹಬ್ಬವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟರ ಸಾಲು ಬೇರೆ, ಅವರ ಭಾಷೆ ಕನ್ನಡ ಮತ್ತು ತುಳು.

ಈ ಕರಾವಳಿಯ ಹಬ್ಬ ಪೂರ್ತಿಯಾಗಿ ಬಾಗಿಲು ಹಾಕಿಕೊಳ್ಳಲಿಲ್ಲ ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ. ಡಿಸೆಂಬರಿನ ಎರಡನೆಯ ವಾರ ಬಂತೆಂದರೆ ಮನೆಗಳಲ್ಲಿ ಕುಸ್ವಾರ್ ಎಂಬ ತಿಂಡಿಗಳ ಸಂಭ್ರಮ. ನೆವ್ರಿ, ಗುಳಿಯೊ, ಚಕ್ಕುಲಿ, ಅಚ್ಚನ್ನು ಹಿಟ್ಟಿಗದ್ದಿ ಎಣ್ಣೆಯಲ್ಲಿ ಕರಿಯುವ ಗುಲಾಬಿ ಹೂವು. ಇವುಗಳಲ್ಲಿ ಕಿಡಿಯೊ ಮಕ್ಕಳ ಪಾಲಿನ ಕೆಲಸ. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಉರುಳಿಸಿದರೆ ಗೀರುಗೀರಿನ ಸುರುಳಿಯಾಗುತ್ತದೆ. ಕಿಡಿಯೊ ಎಂದರೆ ಹುಳು. ಮಕ್ಕಳಿಗೆ ಅದನ್ನು ತಿನ್ನುವುದಕ್ಕೆ ಅಷ್ಟೇ ಕಾರಣ ಸಾಕು. ಅಜ್ಜಿ, ಅಮ್ಮ, ಚಿಕ್ಕಮ್ಮಂದಿರ ಜತೆ ನೆಲದ ಮೇಲೆ ಕೂತು ಸಂಜೆಯೆಲ್ಲ ಉರುಳಿಸಿ, ಕೆಟ್ಟದ್ದನ್ನು ಬಾಯಿಗೆ ಹಾಕಿಕೊಂಡು, ಬೇಸರವಾದಾಗ ಎದ್ದು ಓಡಬಹುದು. ಲೌಷಾದ ಮೇಜಿನಿಂದ ಏಳುವಂತಿರಲಿಲ್ಲ. ಕೊನೆಗೆ ಈ ತಿಂಡಿಗಳ ತಟ್ಟೆ, ಮೇಲೊಂದು ಬಟ್ಟೆ ಮುಚ್ಚಿಕೊಂಡು, ಅಕ್ಕಪಕ್ಕದ ಹಿಂದೂ ಮುಸ್ಲಿಂ ಮನೆಗಳಿಗೆ ಹೋಗುತ್ತದೆ. ಒಯ್ಯುವವರು ಮಕ್ಕಳೇ. ದೀಪಾವಳಿಗೆ ಈದಿಗೆ ತುಂಬಿ ಬಂದ ಪಾತ್ರೆಗಳ ಲೆಕ್ಕ ಅಮ್ಮಂದಿರ ನೆನಪಿನಲ್ಲಿರುತ್ತದೆ.

ಗೋದಲಿಯ ಕೆಲಸ ಇನ್ನೂ ಮೊದಲೇ ಶುರು. ಹಬ್ಬಕ್ಕೆ ಹತ್ತು ಹನ್ನೆರಡು ದಿನವಿರುವಾಗ ಚಿಕ್ಕ ತಟ್ಟೆಗಳಲ್ಲಿ ಮಣ್ಣು ಹರಡಿ ಮಕ್ಕಳು ಭತ್ತವನ್ನೋ ರಾಗಿಯನ್ನೋ ಬಿತ್ತುತ್ತಾರೆ. ಬೆತ್ಲೆಹೇಮಿನ ಬಯಲಿಗೆ ಕರಾವಳಿಯ ಗದ್ದೆಯ ಹಸಿರು ಬೇಕಲ್ಲ. ನೀರು ಹೆಚ್ಚಾದರೆ ಕೊಳೆಯುತ್ತದೆ, ತಡವಾಗಿ ಬಿತ್ತಿದರೆ ಕುರಿಗಳ ಮೊಣಕಾಲಿಗೂ ಬರುವುದಿಲ್ಲ, ಬೇಗ ಬಿತ್ತಿದರೆ ಕುರುಬರೇ ಮುಳುಗಿಹೋಗುತ್ತಾರೆ. ದಿನಾ ಬೆಳಿಗ್ಗೆ ಎದ್ದವರೇ ತಟ್ಟೆಯ ಹತ್ತಿರ ಓಡಿ ಬೆರಳಿನಿಂದ ಅಳೆದು ನೋಡುತ್ತಾರೆ.